ಬಿಡ್ರಿ: ಹ್ರಸ್ವವೋ ದೀರ್ಘವೋ

ಬ್ಯಾಂಕಿನ ಕೆಲಸ ಬಿಡಬೇಕೆಂದು ನಾನು ತೀರ್ಮಾನಿಸಿದ್ದು ಕೆಲಸಕ್ಕೆ ಸೇರಿದ ದಿನ ಮಧ್ಯಾಹ್ನ. ಆ ತೀರ್ಮಾನದಲ್ಲಿ ಇವತ್ತಿಗೂ ಎಳ್ಳಷ್ಟು ಬದಲಾವಣೆಯಾಗಿಲ್ಲ. ನಡುವೆ ಒಂದು ಬಡ್ತಿ, ಮೂರ್ನಾಲ್ಕು ವರ್ಗ, ಒಂದು ಮದುವೆ ಆದವು, ಅಷ್ಟೆ.

ಇದು ನನ್ನೊಬ್ಬನ ಕಥೆಯಲ್ಲ. ನಮ್ಮಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಒಬ್ಬರಾದರೂ ಕೆಲಸ ಬಿಟ್ಟಿರುತ್ತಾರೆ, ಡಬ್ಬಿ ತೊಳೆಯುವಷ್ಟರಲ್ಲಿ ಮತ್ತೆ ಸೇರಿಕೊಂಡಿರುತ್ತಾರೆ. ಹೊಸದುರ್ಗದ ಶಾಖೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಊರಿಗೆ ಹೋಗಿ ಕೋಳಿ ಸಾಕುತ್ತೇನೆ ಎನ್ನುತ್ತಿದ್ದರು. ಹೊಳಲ್ಕೆರೆಯಲ್ಲಿ ಒಬ್ಬರು ಟ್ಯುಟೋರಿಯಲ್ ತೆರೆಯುವವರಿದ್ದರು. ಕೋಳಿಯೂ ಇಲ್ಲ, ಟ್ಯುಟೋರಿಯಲ್ಲೂ ಇಲ್ಲ. ಇಬ್ಬರೂ ಸುಖವಾಗಿ, ಅಂದರೆ ಬ್ಯಾಂಕನ್ನು ಬೈಯುತ್ತ, ಬ್ಯಾಂಕಿನಲ್ಲೇ ಇದ್ದಾರೆ.

ತಪ್ಪು ನಮ್ಮದಲ್ಲ, ಕ್ರಿಯಾಪದದ್ದು ಎಂದು ನಾನು ಆಗಾಗ ಸಮಾಧಾನ ಮಾಡಿಕೊಳ್ಳುತ್ತೇನೆ. ಕನ್ನಡದಲ್ಲಿ ‘ಬಿಡು’ ಎಂಬುದರಷ್ಟು ಬೇಜವಾಬ್ದಾರಿಯ ಕ್ರಿಯಾಪದ ಇನ್ನೊಂದಿಲ್ಲ. ಬಸ್ಸು ಬಿಡುತ್ತದೆ, ಮಳೆ ಬಿಡುತ್ತದೆ, ಜ್ವರ ಬಿಡುತ್ತದೆ, ಗಿಡ ಹೂ ಬಿಡುತ್ತದೆ. ಬೀಡಿ ಬಿಟ್ಟವನಿಗೂ ಹೆಂಡತಿಯನ್ನು ಬಿಟ್ಟವನಿಗೂ ಒಂದೇ ಪದ. ‘ಮಾಡಿಬಿಡು’ ಎಂದರೆ ಮಾಡುವುದನ್ನು ಬಿಡು ಎಂದಲ್ಲ, ಮಾಡಿ ಮುಗಿಸು ಎಂದು. ಪರಭಾಷೆಯವನೊಬ್ಬ ನಮ್ಮ ಹತ್ತಿರ ಕನ್ನಡ ಕಲಿಯಲು ಬಂದರೆ ಅವನು ಇಲ್ಲಿಗೇ ಕಲಿಯುವುದನ್ನು ಬಿಟ್ಟುಬಿಡುತ್ತಾನೆ. ಬಿಟ್ಟನೋ, ಕಲಿತುಬಿಟ್ಟನೋ ಎಂಬುದು ನಮಗೆ ತಿಳಿಯುವುದಿಲ್ಲ.

ಇದಕ್ಕೆ ನಮ್ಮ ಚಿತ್ರದುರ್ಗದ ಕಡೆಯ ‘ರಿ’ ಸೇರಿದರಂತೂ ಕೇಳುವುದೇ ಬೇಡ. ಬರ್ರಿ, ಕುಂತ್ಕಳ್ರಿ ಎನ್ನುವಂತೆಯೇ ‘ಬಿಡ್ರಿ’. ಆ ‘ರಿ’ಯನ್ನು ಎಳೆದು ‘ಬಿಡ್ರೀ’ ಎಂದರೆ ‘ಹೋಗಲಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದರ್ಥ. ಮೊಟಕು ಮಾಡಿ ‘ಬಿಡ್ರಿ’ ಎಂದರೆ ‘ಬಿಡುವುದಾದರೆ ಬಿಡಿ, ತಡೆದವರು ಯಾರು?’ ಎಂದು. ವ್ಯತ್ಯಾಸ ಒಂದೇ ಮಾತ್ರೆಯದು. ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಛಂದಸ್ಸು ಕೆಡುತ್ತದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದರು. ಕೆಲಸವೂ ಹೋಗುತ್ತದೆ ಎಂದು ಹೇಳಿರಲಿಲ್ಲ.

ಹೋದದ್ದು ಹಿರಿಯೂರು ಶಾಖೆಯಲ್ಲಿ ನನ್ನ ಜೊತೆಗಿದ್ದ ತಿಪ್ಪೇಸ್ವಾಮಿಯ ಕೆಲಸ. ಹೇಳಿದ್ದು ನಮ್ಮ ಮ್ಯಾನೇಜರು ವಾಸುದೇವರಾಯರು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡದ್ದು ನಾನು, ಒಬ್ಬನೇ. ಆ ‘ರಿ’ ಹ್ರಸ್ವವಾಗಿತ್ತೋ ದೀರ್ಘವಾಗಿತ್ತೋ ನನಗೆ ನೆನಪಿಲ್ಲ.

ನನ್ನ ನೆನಪಿನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದಿದವನು. ಎದುರಿಗಿರುವ ಮೇಜು ನಿಜವಾಗಿಯೂ ಇದೆಯೇ ಎಂಬ ಪ್ರಶ್ನೆಯನ್ನು ಅಲ್ಲಿ ಎರಡು ವರ್ಷ ಅರೆದು ಕುಡಿಸಿದರು. ಬ್ಯಾಂಕು ಒಂದೇ ವಾರದಲ್ಲಿ ಉತ್ತರ ಕೊಟ್ಟಿತು: ಮೇಜು ಇದೆ, ಅದರ ಹಿಂದೆ ಕೂತವನು ಇದ್ದಾನೆಯೇ ಎಂಬುದೇ ಅನುಮಾನ. ಕಣ್ಣು ಕಂಡದ್ದನ್ನು ನಂಬಬೇಡ, ಕಿವಿ ಕೇಳಿದ್ದನ್ನು ನಂಬಬೇಡ ಎಂದು ಕಲಿತ ಮೇಲೆ ನೆನಪನ್ನು ನಂಬಲು ನನಗೆ ನಾಚಿಕೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಎಲ್ಲೋ ಒಂದು ಕಡೆ ಸುಳ್ಳಿರಬಹುದು. ಎಲ್ಲಿ ಎಂದು ಗೊತ್ತಿದ್ದರೆ ನಾನೇ ತಿದ್ದುತ್ತಿದ್ದೆ.

ಊರೂರಿಗೆ ಬ್ಯಾಂಕು ಬರುತ್ತಿದ್ದ ಕಾಲ ಅದು. ಹಿರಿಯೂರಿನಲ್ಲಿ ನಮ್ಮ ಶಾಖೆ ಇದ್ದದ್ದು ಹಳೆಯದೊಂದು ಕೊಬ್ಬರಿ ಗೋದಾಮಿನಲ್ಲಿ. ಸುಣ್ಣ ಹೊಡೆದು ಬೋರ್ಡು ಹಾಕಿದ್ದರೂ ಕಾಗದ ಪತ್ರವೆಲ್ಲ ಕೊಬ್ಬರಿ ವಾಸನೆ ಹೊಡೆಯುತ್ತಿತ್ತು. ತಿಪ್ಪೇಸ್ವಾಮಿ ಕೌಂಟರಿನಲ್ಲಿ ಕೂರುತ್ತಿದ್ದ. ಧರ್ಮಪುರದ ಕಡೆಯವನು; ಶೇಂಗಾ ಬೆಳೆಯುವ ರೈತರ ಜೊತೆ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಮಾತಾಡುತ್ತಿದ್ದ. ಅವನನ್ನು ದೊಡ್ಡ ಕೆಲಸಗಾರ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಬಿ.ಕಾಂ. ಅನ್ನು ಎರಡನೆಯ ಸಲಕ್ಕೆ ಮುಗಿಸಿದವನು, ಬಡಾಯಿಕೋರ, ಹರಟೆಮಲ್ಲ. ರೈತ ಬಂದು ನಿಂತರೆ ಮೊದಲು ಎಮ್ಮೆ ಈದಿತೇ ಎಂದು ಕೇಳಬೇಕು, ಆಮೇಲೆ ಬೀಗರ ಸಮಾಚಾರ, ಆಮೇಲೆ ಫಾರಂ. ಫಾರಂ ತಾನೇ ತುಂಬಿ, ಖಾತೆ ತಾನೇ ನೋಡಿ, ಮ್ಯಾನೇಜರ ಸಹಿ ತಾನೇ ಹಾಕಿಸಿಕೊಂಡು ಬಂದು, ಹಿತ್ತಾಳೆ ಬಿಲ್ಲೆ ಕೊಟ್ಟು, ಕ್ಯಾಷಿಯರು ಕೂಗಿದಾಗ ‘ಹೋಗಪ್ಪ, ನಿಂದೇ’ ಎಂದು ತಳ್ಳುವವರೆಗೂ ಆ ರೈತ ಅವನ ಸ್ವತ್ತು. ಹಿಂದೆ ನಿಂತವರು ಕಾಲು ಬದಲಾಯಿಸುತ್ತ ಆ ಹರಟೆಯಲ್ಲಿ ತಾವೂ ಸೇರಿಕೊಳ್ಳುತ್ತಿದ್ದರು. ಕೆಲಸ ನಿಧಾನ, ಅದು ನಿಜ. ಆದರೆ ತಿಪ್ಪೇಸ್ವಾಮಿ ಕೆಲಸ ಬಿಡುವ ಮಾತಾಡಿದ್ದನ್ನು ಆ ದಿನಗಳಲ್ಲಿ ನಾನು ಕೇಳಿರಲಿಲ್ಲ. ಊಟದ ಹೊತ್ತಿನಲ್ಲಿ ನಾವೆಲ್ಲ ಬ್ಯಾಂಕು ಬಿಡುತ್ತಿದ್ದಾಗ ಅವನು ನಮ್ಮನ್ನು ನೋಡಿ ನಗುತ್ತಿದ್ದ.

ಆಮೇಲೆ ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಶಾಖೆಗಳಲ್ಲಿ ಕೆಲಸ ಹೇಗೆ ಹಂಚಿದೆ ಎಂದು ನೋಡಿ ತಿದ್ದುವುದು ಅವರ ಕೆಲಸ. ಸಭ್ಯರು, ಮೆತ್ತಗೆ ಮಾತಾಡುವವರು. ಕೆಲವು ದಿನ ಎಳನೀರು ಕುಡಿಯುತ್ತ ನಮ್ಮನ್ನು ನೋಡಿದರು. ನೋಡಿ, ಒಬ್ಬನೇ ಮಾಡುತ್ತಿದ್ದ ಕೆಲಸವನ್ನು ಹೋಳು ಮಾಡಿದರು. ಫಾರಂ ತೆಗೆದುಕೊಳ್ಳುವವನು ಒಬ್ಬ, ಖಾತೆಗೆ ಏರಿಸುವವನು ಇನ್ನೊಬ್ಬ, ಸಹಿ ತಾಳೆ ನೋಡುವವನು ಮತ್ತೊಬ್ಬ, ಕೊನೆಗೆ ಎಲ್ಲ ಕಾಗದಕ್ಕೂ ನಂಬರು ಹಾಕಿ ಮುದ್ರೆ ಒತ್ತುವವನು ಮಗದೊಬ್ಬ. ಇದರಿಂದ ವೇಗ ಹೆಚ್ಚುತ್ತದೆ, ಮೋಸ ತಪ್ಪುತ್ತದೆ ಎಂದರು. ಎರಡೂ ನಿಜವೇ. ಅವರು ಹೇಳಿದ್ದರಲ್ಲಿ ಸುಳ್ಳು ಹುಡುಕಲು ನಾನು ಆಗಲೂ ಪ್ರಯತ್ನಪಟ್ಟೆ, ಈಗಲೂ ಪಡುತ್ತಿದ್ದೇನೆ.

ಸಹಿ ತಾಳೆ ನೋಡುವುದು ನನ್ನ ಪಾಲಿಗೆ ಬಂತು. ಅನುಮಾನಪಡುವುದಕ್ಕೆ ಸಂಬಳ! ಎಂ.ಎ. ಪದವಿ ಸಾರ್ಥಕವಾಯಿತು. ಮೂಟೆ ಹೊತ್ತು ಬಂದಾಗ ಹಾಕಿದ ಸಹಿ ಅದೇ ಮನುಷ್ಯ ಮದುವೆಗೆ ಹೊರಟಾಗ ಹಾಕಿದ ಸಹಿಯಂತೆ ಇರುವುದಿಲ್ಲ. ಮೊದಲಾದರೆ ತಲೆಯೆತ್ತಿ ಮುಖ ನೋಡಿದರೆ ಸಾಕಿತ್ತು. ಈಗ ಮುಖ ನೋಡುವುದು ನನ್ನ ಕೆಲಸವಲ್ಲ.

ತಿಪ್ಪೇಸ್ವಾಮಿಗೆ ಬಂದದ್ದು ನಂಬರು ಮತ್ತು ಮುದ್ರೆ. ಅವನು ಎಲ್ಲರ ಜೊತೆ ಹರಟುವುದನ್ನು ನೋಡಿದ್ದ ಅಧಿಕಾರಿ ಅವನಿಗೆ ಹಿಂದಿನ ಕೋಣೆ ಕೊಟ್ಟರು. ಹಿಂದೆ ಅಲ್ಲಿ ಕೊಬ್ಬರಿ ಸುಲಿಯುತ್ತಿದ್ದರಂತೆ. ನನ್ನ ಮೇಜಿಗೂ ಆ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಒಡೆಸಿದರು. ನಾನು ಕಾಗದ ಒಳಗೆ ತಳ್ಳಬೇಕು, ಒಂದು ಕೈ ಬಂದು ತೆಗೆದುಕೊಳ್ಳುತ್ತದೆ. ಧಡ್ ಎಂದು ಮುದ್ರೆಯ ಸದ್ದು. ಮತ್ತೆ ಕೈ. ಇಷ್ಟು ವರ್ಷ ಅವನ ಹತ್ತಿರ ಮನುಷ್ಯರು ಬರುತ್ತಿದ್ದರು, ಜೊತೆಯಲ್ಲಿ ಕಾಗದವೂ ಬರುತ್ತಿತ್ತು. ಈಗ ಕಾಗದ ಮಾತ್ರ ಬಂತು.

ಮೊದಲ ವಾರ ಕಿಂಡಿಯಿಂದಲೇ ಮಾತು ಬರುತ್ತಿತ್ತು. ‘ಲೇ, ಈ ಸಹಿ ನಮ್ಮ ಓಬಯ್ಯಂದಲ್ಲೇನೋ? ಬಂದಾನಾ? ಕಾಲು ನೋವು ಹೆಂಗೈತಂತೆ ಕೇಳು.’ ನಾನು ಕೇಳಲಿಲ್ಲ. ಕೇಳುವುದು ಫಾರಂ ತೆಗೆದುಕೊಳ್ಳುವವನ ಕೆಲಸ, ಅವನಿಗೆ ಓಬಯ್ಯನ ಕಾಲಿನ ವಿಷಯ ಗೊತ್ತಿಲ್ಲ. ಎರಡನೆಯ ವಾರ ಮಾತು ಕಡಿಮೆಯಾಯಿತು. ಆಮೇಲೆ ಧಡ್ ಎಂಬುದು ಮಾತ್ರ ಉಳಿಯಿತು.

ಓಬಯ್ಯ ಎಂದೆನಲ್ಲ, ಆತ ಧರ್ಮಪುರದ ಹತ್ತಿರದ ಹಳ್ಳಿಯ ಮುದುಕ, ತಿಪ್ಪೇಸ್ವಾಮಿಯ ಖಾಯಂ ಗಿರಾಕಿ. ಇನ್ನೊಂದು ದಿನ ಕೌಂಟರಿಗೆ ಬಂದು, ಈ ಸಲವೂ ಕಾಣಲಿಲ್ಲವೆಂದು, ತಿಪ್ಪೇಸ್ವಾಮಿ ಎಲ್ಲಿ ಎಂದು ಕೇಳಿದ. ಹೊಸದಾಗಿ ಅಲ್ಲಿ ಕೂತಿದ್ದವನು ತಲೆಯೆತ್ತದೆ, ‘ಅವರನ್ನ ಒಳಗೆ ಹಾಕಿದಾರೆ’ ಎಂದ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಓಬಯ್ಯ ಪಾಸ್‌ಬುಕ್ಕನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಕೆಲಸ ಮುಗಿಸಿಕೊಳ್ಳದೆಯೇ ಹೊರಟುಹೋದ. ಸಂಜೆಯ ಬಸ್ಸಿನಲ್ಲಿ ಆ ಮಾತು ಧರ್ಮಪುರ ಮುಟ್ಟಿತು: ಬ್ಯಾಂಕಿನ ತಿಪ್ಪೇಸ್ವಾಮಿಯನ್ನು ಒಳಗೆ ಹಾಕಿದ್ದಾರೆ. ನಮ್ಮ ಸೀಮೆಯಲ್ಲಿ ಒಳಗೆ ಹಾಕುವುದು ಎಂದರೆ ಒಂದೇ ಅರ್ಥ. ಬ್ಯಾಂಕಿನವನನ್ನು ಒಳಗೆ ಹಾಕುವುದಕ್ಕೆ ಕಾರಣವೂ ಒಂದೇ.

ತಿಪ್ಪೇಸ್ವಾಮಿಯ ಮಾವ ಧರ್ಮಪುರದಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ ಮಾನವಂತರು. ಬ್ಯಾಂಕಿನ ಕೆಲಸ ಎಂಬ ಒಂದೇ ಕಾರಣಕ್ಕೆ ಇವನಿಗೆ ಮಗಳನ್ನು ಕೊಟ್ಟಿದ್ದರು. ಅದನ್ನು ಅವರೂ ಮುಚ್ಚಿಟ್ಟಿರಲಿಲ್ಲ, ಇವನೂ ಮುಚ್ಚಿಟ್ಟಿರಲಿಲ್ಲ. ಬೆಳಗಿನ ಬಸ್ಸಿಗೆ ಬಂದಿಳಿದರು. ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ. ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. ‘ಜಾಮೀನಿಗೆ ಯಾರು ಬರ್ಬೇಕ್ರಿ? ಪಹಣಿ ತಂದೀನಿ.’

ನನಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನಗು ಬಂತು. ಹಾಗೇನಿಲ್ಲ, ನಿಮ್ಮ ಅಳಿಯ ಇಲ್ಲೇ ಒಳಗೆ ಕೆಲಸ ಮಾಡುತ್ತಿದ್ದಾರೆ ಎಂದು ಕಿಂಡಿ ತೋರಿಸಿದೆ. ಅವರು ಸೊಂಟ ಬಗ್ಗಿಸಿ ಕಿಂಡಿಗೆ ಕಣ್ಣು ಹಚ್ಚಿದರು. ಒಳಗೆ ಒಂದು ಬಲ್ಬು, ಗೋಡೆಗೆ ಮುಖ ಮಾಡಿ ಕೂತ ಅಳಿಯ, ಕೈಯಲ್ಲಿ ನಂಬರಿನ ಮುದ್ರೆ. ನನ್ನ ಮಾತು ಅವರಿಗೆ ಹೇಗೆ ಕೇಳಿಸಿತೋ. ಅಲ್ಲಿಂದಲೇ ಮೆಲ್ಲಗೆ ಕೇಳಿದರು:

‘ಊಟ ಗೀಟ ಸರಿಯಾಗಿ ಕೊಡ್ತಾರೇನಪ್ಪ?’

ಮುದ್ರೆಯ ಸದ್ದು ನಿಂತಿತು.

ಮಾವನಿಗೆ ಕಾಫಿ ಕುಡಿಸಿ, ಎಲ್ಲ ಬಿಡಿಸಿ ಹೇಳಿ ಬಸ್ಸು ಹತ್ತಿಸಿದ್ದಾಯಿತು. ಅವರು ನಂಬಿದಂತೆ ತಲೆಯಾಡಿಸಿದರು. ಆದರೆ ಧರ್ಮಪುರದಲ್ಲಿ ಕೇಳಿದವರಿಗೆಲ್ಲ ಏನು ಹೇಳುವುದು? ಅಳಿಯ ತಪ್ಪು ಮಾಡಿಲ್ಲ, ಸುಮ್ಮನೆ ಒಳಗೆ ಹಾಕಿದ್ದಾರೆ ಎಂದರೆ ಯಾರು ನಂಬುತ್ತಾರೆ? ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎನ್ನುವ ಗಾದೆಯನ್ನು ಹಿರಿಯರು ಇಂಥ ಸಮಯಕ್ಕೆಂದೇ ಮಾಡಿಟ್ಟಿದ್ದಾರೆ.

ಅವತ್ತು ಬಾಗಿಲು ಹಾಕುವ ಹೊತ್ತಿಗೆ ನಾನು ಮ್ಯಾನೇಜರ ಮುಂದೆ ಸಹಿಯ ಕಾರ್ಡುಗಳನ್ನು ಹಿಡಿದು ನಿಂತಿದ್ದೆ. ತಿಪ್ಪೇಸ್ವಾಮಿ ಬಂದ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

‘ಸಾರ್, ನನ್ನನ್ನ ಮತ್ತೆ ಹೊರಗಡೆ ಕುಂದ್ರಿಸ್ರಿ. ಆಗಲ್ಲ ಅಂದ್ರೆ ನಾನು ಕೆಲ್ಸ ಬಿಡ್ತೀನಿ.’

ವಾಸುದೇವರಾಯರು ಕರಾವಳಿಯ ಕಡೆಯವರು. ಅವರ ಊರಿನ ಕನ್ನಡದಲ್ಲಿ ‘ಬಿಡಿ’ ಎಂಬುದು ತುಂಬ ಸಾಧು ಶಬ್ದ. ಮಾತು ಮುಗಿಸುವ, ಜಗಳ ತಣಿಸುವ ಶಬ್ದ. ಇಲ್ಲಿಗೆ ಬಂದ ಮೇಲೆ, ಇಲ್ಲಿಯ ಜನಕ್ಕೆ ಇಲ್ಲಿಯ ಮರ್ಯಾದೆ ಕೊಡಬೇಕೆಂದು ‘ರಿ’ ಸೇರಿಸಿ ಮಾತಾಡುವುದನ್ನು ಕಷ್ಟಪಟ್ಟು ಕಲಿತಿದ್ದರು. ‘ರಿ’ ಸೇರಿಸಬೇಕು ಎಂದು ಕಲಿತಿದ್ದರೇ ಹೊರತು ಎಲ್ಲಿ ಎಳೆಯಬೇಕು, ಎಲ್ಲಿ ಕತ್ತರಿಸಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕಾಗದದಿಂದ ತಲೆಯೆತ್ತದೆ ಅವರು ಆ ಪದ ಹೇಳಿದರು.

ತಿಪ್ಪೇಸ್ವಾಮಿ ಹೊರಟುಹೋದ. ಮಾರನೆಯ ದಿನ ಅವನ ಬದಲು ಅವನ ರಾಜೀನಾಮೆ ಬಂತು.

ರಾಯರು ಹೌಹಾರಿದರು. ‘ಎಂತ ಮಾರಾಯ್ರೆ ಇದು? ನಾನು ಹೇಳಿದ್ದು ಆ ಮಾತು ಬಿಡ್ರಿ ಅಂತ. ಕೆಲಸ ಬಿಡ್ರಿ ಅಂತ ಹೇಳಿದ್ದಾ? ನೀವೇ ಇದ್ದಿರಲ್ಲ?’ ಅದೇ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ತಟ್ಟೆಯ ಮುಂದೆ ಕೂತು ತಿಪ್ಪೇಸ್ವಾಮಿಯೂ ಅದನ್ನೇ ಕೇಳಿದ: ‘ನೀನೇ ಇದ್ಯಲ್ಲ. ನಿಜ ಹೇಳು, ಹೆಂಗಂದ್ರು?’

ನಾನು ಇದ್ದೆ. ಅದಷ್ಟು ಖಚಿತ. ಆಮೇಲಿನದು ಖಚಿತವಲ್ಲ. ಕಣ್ಣು ಮುಚ್ಚಿ ನೆನೆದರೆ ಎರಡೂ ಕೇಳಿಸುತ್ತವೆ. ಒಂದು ಸಲ ‘ಬಿಡ್ರಿ’, ಇನ್ನೊಂದು ಸಲ ‘ಬಿಡ್ರೀ’; ಕೊನೆಯಲ್ಲಿ ಯಾವುದನ್ನು ನೆನೆದೆನೋ ಅದೇ ನಿಜ ಅನ್ನಿಸುತ್ತದೆ. ಮ್ಯಾನೇಜರ ಮೇಲೆ ಸಿಟ್ಟು ಬಂದ ದಿನ ಅದು ಹ್ರಸ್ವ. ಸಂಬಳದ ದಿನ ದೀರ್ಘ. ಇಬ್ಬರಿಗೂ ನೆನಪಿಲ್ಲವೆಂದೇ ಹೇಳಿದೆ. ರಾಯರು ನನ್ನನ್ನು ಹೇಡಿ ಎಂದುಕೊಂಡರು, ತಿಪ್ಪೇಸ್ವಾಮಿ ಮ್ಯಾನೇಜರ ಚೇಲ ಎಂದುಕೊಂಡ. ಒಂದೇ ಉತ್ತರಕ್ಕೆ ಎರಡು ಬಿರುದು.

ಆದರೂ ರಾಯರು ಕೆಟ್ಟವರಲ್ಲ. ಆ ಕಾಗದವನ್ನು ಮೇಲಿನ ಕಚೇರಿಗೆ ಕಳಿಸದೆ ತಡೆದಿಟ್ಟುಕೊಂಡರು. ಬಂದು ವಾಪಸು ತೆಗೆದುಕೊಳ್ಳಲಿ, ಏನೂ ಆಗಿಲ್ಲವೆಂದು ಮರೆತುಬಿಡೋಣ ಎಂದು ನನ್ನ ಕೈಯಲ್ಲೇ ಹೇಳಿಕಳಿಸಿದರು. ನಾನು ಓಡಿದೆ. ತಿಪ್ಪೇಸ್ವಾಮಿಯ ಮುಖ ಒಂದು ಗಳಿಗೆ ಅರಳಿತು. ಅದನ್ನು ನಾನು ನೋಡಿದೆ. ಈ ನೆನಪಿನ ಬಗ್ಗೆ ನನಗೆ ಅನುಮಾನವಿಲ್ಲ.

‘ಬಂದ್ರೆ ನನ್ನ ಕುರ್ಚಿ ಎಲ್ಲಿ?’ ಎಂದ.

ನಾನು ತಿರುಗಿ ರಾಯರ ಹತ್ತಿರ ಹೋದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕುರ್ಚಿ ಕಿಂಡಿಯ ಒಳಗೇ ಇರಬೇಕು, ಮೇಲಿನಿಂದ ಬಂದ ಆದೇಶ, ಅದನ್ನು ಬದಲಾಯಿಸುವ ಅಧಿಕಾರ ತನಗಿಲ್ಲ ಎಂದರು. ಒಬ್ಬ ಗುಮಾಸ್ತನ ಬದುಕನ್ನು ಒಂದು ಮಾತಿನಲ್ಲಿ ಮುಗಿಸುವಷ್ಟು ಅಧಿಕಾರ ಅವರಿಗಿತ್ತು, ಒಂದು ಕುರ್ಚಿಯನ್ನು ಆರು ಅಡಿ ಸರಿಸುವಷ್ಟು ಇರಲಿಲ್ಲ. ಅವರ ಕೆಲಸವನ್ನೂ ಯಾರೋ ಹಾಗೆ ಹೋಳು ಮಾಡಿಕೊಟ್ಟಿದ್ದರು.

ಸುದ್ದಿ ತಿಳಿಸಿದಾಗ ತಿಪ್ಪೇಸ್ವಾಮಿ ಮತ್ತೆ ಆ ಹೋಟೆಲಿನಲ್ಲೇ ಕೂತಿದ್ದ. ಮಂಡಕ್ಕಿಯೊಳಗಿನ ಮೆಣಸಿನಕಾಯಿ ಹೆಕ್ಕಿ ಪಕ್ಕಕ್ಕಿಟ್ಟ. ನಾನು ಅಷ್ಟು ದಿನ ಹ್ರಸ್ವ ದೀರ್ಘ ಎಂದು ತಲೆ ಕೆಡಿಸಿಕೊಂಡಿದ್ದೆಲ್ಲ ಎಂಥ ಮೂರ್ಖತನ ಎಂದು ಹೊಳೆದದ್ದು ಆಗ. ರಾಯರು ‘ರಿ’ಯನ್ನು ಧರ್ಮಪುರದವರೆಗೆ ಎಳೆದಿದ್ದರೂ ಆ ಕೋಣೆ ಅಲ್ಲಿಯೇ ಇರುತ್ತಿತ್ತು. ಆ ಕೋಣೆಯಲ್ಲಿ ಕೂತವನ ಕಿವಿಗೆ ದೀರ್ಘವೂ ಹ್ರಸ್ವವಾಗಿಯೇ ಕೇಳಿಸುತ್ತದೆ.

ಇದಾದ ಮೇಲೆ ಓಬಯ್ಯ ಬಂದ. ತಿಪ್ಪೇಸ್ವಾಮಿ ರಾಜೀನಾಮೆ ಕೊಟ್ಟ ಎಂದು ಹೇಳಿದೆ. ಮುದುಕನ ಮುಖ ಬೆಳಗಿತು. ‘ರಾಜಿ ಆತಾ? ಒಳ್ಳೇದಾತು ಬಿಡಪ್ಪ. ಯಾವಾಗ ಹೊರಗೆ ಬರ್ತಾನೆ?’ ಆತನ ದಾಯಾದಿ ವ್ಯಾಜ್ಯ ಚಿತ್ರದುರ್ಗದ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದು ಕೊನೆಗೆ ರಾಜೀನಾಮೆಯಲ್ಲಿ ಮುಗಿದಿತ್ತಂತೆ. ಕೋರ್ಟಿನಲ್ಲಿ ಎರಡು ಕಡೆಯವರೂ ಒಪ್ಪಿ ಕೊಡುವ ಕಾಗದ ರಾಜೀನಾಮೆ. ಕಚೇರಿಯಲ್ಲಿ ಒಬ್ಬನೇ ಕೊಡುವ ಕಾಗದವೂ ರಾಜೀನಾಮೆ. ‘ರಾಜಿ’ ಎಂದರೆ ಒಪ್ಪಿಗೆ, ಸಮಾಧಾನ. ಇಬ್ಬರಿಗೂ ಸಮಾಧಾನವಿಲ್ಲದ ಕಾಗದಕ್ಕೆ ಆ ಹೆಸರು ಇಟ್ಟವನು ಯಾರೋ ನನ್ನ ಹಾಗೆ ಎಂ.ಎ. ಓದಿದವನಿರಬೇಕು.

ತಡೆದಿಟ್ಟಿದ್ದ ಆ ಕಾಗದವನ್ನು ರಾಯರು ಕಳಿಸಿದರು, ಮೇಲಿನ ಕಚೇರಿಯವರು ಒಪ್ಪಿಕೊಂಡರು. ಬಿಟ್ಟುಹೋಗಲು ಕಾರಣವೇನು ಎಂದು ಬರೆಯಬೇಕಿತ್ತು. ಸಂಬಳ ಸಾಲದು, ಊರು ದೂರ, ಆರೋಗ್ಯ, ಇವು ಯಾವುವೂ ಅಲ್ಲ. ಕೊನೆಗೆ ‘ಸ್ವಂತ ಕಾರಣ’ ಎಂದು ಬರೆದರು. ಗೋಡೆ ಬ್ಯಾಂಕಿನದು, ಕಿಂಡಿ ಬ್ಯಾಂಕಿನದು, ಕಾರಣ ಮಾತ್ರ ಸ್ವಂತದ್ದು. ಆಮೇಲೆ ನಾನು ಕೆಲಸ ಮಾಡಿದ ಶಾಖೆಗಳಲ್ಲೂ ಅಲ್ಲೊಬ್ಬರು ಇಲ್ಲೊಬ್ಬರು ಹೋದರು. ಎಲ್ಲರದ್ದೂ ಸ್ವಂತ ಕಾರಣವೇ. ಇಷ್ಟು ಜನ ಒಂದೇ ಕಾರಣವನ್ನು ಸ್ವಂತ ಮಾಡಿಕೊಂಡಿದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಹೋದ ತಿಂಗಳು, ಈಗ ನಾನಿರುವ ದುರ್ಗದ ಶಾಖೆಯಿಂದ ಹಿರಿಯೂರಿಗೆ ಹೋಗಬೇಕಾಗಿ ಬಂತು. ತಿಪ್ಪೇಸ್ವಾಮಿ ಮಾವನ ವ್ಯಾಪಾರಕ್ಕೆ ಸೇರಿ, ಈಗ ಹಿರಿಯೂರಿನಲ್ಲೇ ಶೇಂಗಾ ಮಂಡಿ ಇಟ್ಟಿದ್ದಾನೆಂದು ಕೇಳಿದ್ದೆ. ಹುಡುಕಿಕೊಂಡು ಹೋದೆ. ಸ್ವಲ್ಪ ದಪ್ಪಗಾಗಿದ್ದ. ‘ಬಾರಲೇ ಬ್ಯಾಂಕು’ ಎಂದು ಗಾದಿಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡ. ಸಂತೋಷವಾಯಿತು. ಕೊನೆಗೂ ಮನುಷ್ಯರ ನಡುವೆ ಕೂತಿದ್ದಾನಲ್ಲ ಎಂದುಕೊಂಡೆ.

ಮಂಡಿಯನ್ನು ಅವನೇ ತೋರಿಸಿದ. ತೂಕ ಮಾಡುವವನು ಹೊರಗೆ ಜಗಲಿಯಲ್ಲಿ. ತೂಕ ಬರೆದುಕೊಳ್ಳುವ ಗುಮಾಸ್ತ ಒಳಗೆ. ಅವನಿಗೆ ತಕ್ಕಡಿ ಕಾಣುವುದಿಲ್ಲ. ದರ ಹಾಕುವವನು ಅದರಾಚೆ. ಅವನಿಗೆ ರೈತ ಕಾಣುವುದಿಲ್ಲ. ‘ಮೊದ್ಲು ಒಬ್ಬನೇ ಎಲ್ಲಾ ಮಾಡ್ತಿದ್ದ. ರೈತ್ರ ಜತೆ ಮಾತಾಡ್ಕಂತ ಕುಂತ್ರೆ ಕೆಲ್ಸ ಆಗ್ತೈತೇನೋ? ಈಗ ನೋಡು, ಒಬ್ಬ ಏನ್ ಮಾಡ್ತಾನೆ ಅಂತ ಇನ್ನೊಬ್ಬನಿಗೆ ಗೊತ್ತಿಲ್ಲ’ ಎಂದ. ಹೆಮ್ಮೆಯಿಂದಲೇ ಹೇಳಿದ. ನಾನು ಅವನ ಮುಖದಲ್ಲಿ ತಮಾಷೆ ಹುಡುಕಿದೆ. ಸಿಗಲಿಲ್ಲ. ಹಳೆಯದೆಲ್ಲ ಅವನಿಗೆ ಮರೆತಿದೆಯೋ, ಅಥವಾ ನಾನೇ ಎಲ್ಲವನ್ನೂ ಕಲ್ಪಿಸಿ ಕಟ್ಟಿಕೊಂಡಿದ್ದೇನೆಯೋ ಎಂದು ಒಂದು ಕ್ಷಣ ದಿಗಿಲಾಯಿತು.

‘ಆದ್ರೆ ಒಬ್ಬನೂ ನಿಲ್ಲಲ್ಲ ಕಣಲೇ. ಹಬ್ಬಕ್ಕೆ ಅಂತ ಊರಿಗೆ ಹೋದವ್ನು ತಿರುಗಿ ಬರೋದೇ ಇಲ್ಲ. ಸಂಬಳ ಚೆನ್ನಾಗೇ ಕೊಡ್ತೀನಿ. ಏನಿರಬೌದು ಕಾರಣ? ನೀನು ಓದ್ದವ್ನು, ಹೇಳು.’

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ನನ್ನ ತೊಡೆ ತಟ್ಟಿ ಇನ್ನೊಂದು ಮಾತು ಹೇಳಿದ. ‘ನೀನೇ ಬಂದ್ಬಿಡು. ಆ ಬ್ಯಾಂಕಿನಾಗೆ ಏನೈತೆ? ಇಲ್ಲಿ ಖರೀದಿ, ಲೆಕ್ಕ, ಮದ್ರಾಸಿನ ವ್ಯವಹಾರ, ಎಲ್ಲಾ ನೀನೇ ನೋಡ್ಕ. ನಾನು ತಲೆ ಹಾಕಲ್ಲ. ಅವ್ರು ಕೊಡೋದ್ರ ಮೇಲೆ ನೂರು ಜಾಸ್ತಿ.’

ಹೋಳು ಮಾಡದ, ಇಡಿಯಾದ ಒಂದು ಕೆಲಸ. ಇಷ್ಟು ವರ್ಷ ನಾನು ಬ್ಯಾಂಕು ಬಿಡಬೇಕೆಂದುಕೊಂಡದ್ದು ಇದಕ್ಕಾಗಿಯೇ ಅಲ್ಲವೇ? ನನ್ನ ಬಾಯಿಂದ ಏನಾದರೂ ದೊಡ್ಡ ಮಾತು ಬರುತ್ತದೆಂದು ನಾನೂ ಕಾದೆ. ಬಂದದ್ದು ಇದು:

‘ಪ್ರಾವಿಡೆಂಟ್ ಫಂಡ್ ಇದೆಯಾ?’

ತಿಪ್ಪೇಸ್ವಾಮಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಅವನ ನಗು ಕೇಳಿ ತಕ್ಕಡಿಯವನು, ಗುಮಾಸ್ತ, ದರದವನು ಮೂವರೂ ತಮ್ಮ ತಮ್ಮ ಜಾಗದಿಂದ ಕತ್ತು ಚಾಚಿ ನೋಡಿದರು.

‘ಏನ್ ನೋಡ್ತೀರಿ? ನಿಮ್ ಕೆಲ್ಸ ನೋಡ್ರಿ’ ಎಂದು ಅವನು ಗದರಿದ.

ಮೂವರೂ ತಟ್ಟನೆ ತಲೆ ತಗ್ಗಿಸಿದರು. ಅವರ ಜೊತೆಗೆ ನಾನೂ ತಗ್ಗಿಸಿದೆ.